ನೆಗ್ಗಿದ್ದು ಕಾರು, ಖಾಲಿಯಾದದ್ದು ಪರ್ಸು

ಮಗುವನ್ನು ಶಾಲೆಗೆ ಬಿಟ್ಟು ಬರುವಾಗ ತರಕಾರಿ ಕೊಳ್ಳಲೆಂದು ಮಾರುಕಟ್ಟೆಯ ಪಕ್ಕದಲ್ಲಿ ಕಾರು ನಿಲ್ಲಿಸಿದ್ದೀರಿ ಎಂದಿಟ್ಟುಕೊಳ್ಳಿ. ಹಿಂದಿನ ಬಾಗಿಲಿನ ಮೇಲೆ ಅಂಗೈ ಅಗಲದ ಒಂದು ನೆಗ್ಗು ಇದೆ. ಕಳೆದ ವಾರ ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ತಾಗಿ ಆದದ್ದು. ನೀವು ಇಳಿದು ಬಾಗಿಲು ಹಾಕುವಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಯುವಕರು ಪಕ್ಕದಲ್ಲಿ ನಿಲ್ಲುತ್ತಾರೆ. ಒಬ್ಬನ ಹೆಗಲಲ್ಲಿ ಚೀಲ. ನಿಮ್ಮ ತಲೆವಸ್ತ್ರ ನೋಡಿ ಮೊದಲು ಸಲಾಂ ಹೇಳುತ್ತಾನೆ.

"ಆಪಾ, ಈ ಡೆಂಟ್ ಹೀಗೇ ಬಿಟ್ಟರೆ ತುಕ್ಕು ಹಿಡಿಯುತ್ತೆ. ಶೋರೂಮಿಗೆ ಹೋದರೆ ಹತ್ತು ಸಾವಿರ ಕೇಳ್ತಾರೆ. ನಾನು ಅಲ್ಲೇ ಕೆಲಸದಲ್ಲಿದ್ದವನು. ಇನ್ನೂರು ರೂಪಾಯಿ ಕೊಡಿ ಸಾಕು, ನೀವು ತರಕಾರಿ ತರೋದರೊಳಗೆ ಆಗಿರುತ್ತೆ. ಭಾಯಿ ಸಾಹೇಬರು ನೋಡೋದಕ್ಕೆ ಮೊದಲು ಸರಿ ಮಾಡಿಸಿಬಿಡಿ."

ಈ ಕೊನೆಯ ಮಾತನ್ನು ಗಮನಿಸಿ. ಅದರ ಬಗ್ಗೆ ಮುಂದೆ ಹೇಳಲಿಕ್ಕಿದೆ.

ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ಕಾರು ಓಡಿಸುವ ಮಹಿಳೆಯರಿಗೆ ಇದು ಹೊಸ ಅನುಭವವೇನೂ ಅಲ್ಲ. ಸಿಗ್ನಲ್‌ನಲ್ಲಿ, ಆಸ್ಪತ್ರೆಯ ಹೊರಗೆ, ಮದುವೆ ಹಾಲ್‌ನ ಮುಂದೆ, ಶಾಲೆಯ ಗೇಟಿನ ಬಳಿ ಇಂತಹವರು ಎದುರಾಗುತ್ತಾರೆ. ಹೆಚ್ಚಿನವರು ಬೇಡವೆಂದು ಹೇಳಿ ಮುಂದೆ ಹೋಗುತ್ತಾರೆ. ಒಪ್ಪಿಕೊಂಡವರು ಮಾತ್ರ ಅದರ ಕತೆಯನ್ನು ಯಾರಿಗೂ ಹೇಳುವುದಿಲ್ಲ. ಆದ್ದರಿಂದಲೇ ಈ ವ್ಯಾಪಾರ ನಿಲ್ಲದೆ ನಡೆಯುತ್ತಿದೆ.

ಇನ್ನೂರು ಎಂಟು ಸಾವಿರವಾಗುವ ಬಗೆ

ತರಕಾರಿ ಚೀಲ ಹಿಡಿದುಕೊಂಡು ನೀವು ಹಿಂದಿರುಗುವಾಗ ಬಾಗಿಲಿನ ಮೇಲೆ ಬಿಳಿಯ ಲೇಪವೊಂದು ಮೆತ್ತಿಕೊಂಡಿರುತ್ತದೆ. ನೆಗ್ಗು ಕಾಣಿಸುವುದಿಲ್ಲ. ನಿಮಗೂ ಸಂತೋಷವೇ. ಇನ್ನೂರರ ನೋಟು ತೆಗೆಯುತ್ತೀರಿ. ಆಗ ಅವನು ನಗುತ್ತಾನೆ.

"ಎಂಟು ಸಾವಿರ ಆಯ್ತು ಆಪಾ."

ನೀವು ಗಾಬರಿಯಿಂದ ಇನ್ನೂರು ಎಂದಿದ್ದಿರಲ್ಲ ಎನ್ನುತ್ತೀರಿ. ಅವನು ಬಹಳ ಶಾಂತವಾಗಿ ಲೆಕ್ಕ ಹೇಳುತ್ತಾನೆ. ಇನ್ನೂರು ಇಡೀ ಕೆಲಸಕ್ಕೆ ಅಲ್ಲವಂತೆ, ಒಂದು 'ಪಾಯಿಂಟ್' ಕೆಮಿಕಲ್‌ಗೆ. ನಿಮ್ಮ ಕಾರಿಗೆ ನಲವತ್ತು ಪಾಯಿಂಟ್ ಹೋಗಿದೆಯಂತೆ. ನಲವತ್ತು ಇನ್ನೂರಲಿ ಎಂಟು ಸಾವಿರ. ಲೆಕ್ಕ ಸರಿಯಾಗಿಯೇ ಇದೆ! ಕೆಲವರು ಪಾಯಿಂಟ್ ಎನ್ನುವ ಬದಲು ಗ್ರಾಂ ಎನ್ನುತ್ತಾರೆ, ಕೆಲವರು ಮಿಲಿಲೀಟರ್, ಇನ್ನು ಕೆಲವರು ಇಂಚು. ಮೊದಲು ದರ ಹೇಳುವಾಗ ಈ ಅಳತೆಯ ಮಾತೇ ಇರುವುದಿಲ್ಲ, ಅಥವಾ ಬಾಯೊಳಗೇ ನುಂಗಿಕೊಂಡು ಹೇಳಿರುತ್ತಾರೆ. ಎಷ್ಟು ಪಾಯಿಂಟ್ ಹೋಯಿತೆಂದು ಅಳೆದವರು ಯಾರು? ಅವರೇ.

ಮೊದಲು ಅಳು. ತಾನು ಬಡವ, ಕೆಮಿಕಲ್ ಮಾಲಿಕನದ್ದು, ಹಣ ಕೊಡದಿದ್ದರೆ ತನ್ನ ಸಂಬಳದಿಂದ ಹಿಡಿಯುತ್ತಾರೆ ಎಂದು. ಅದಕ್ಕೆ ನೀವು ಕರಗದಿದ್ದರೆ ಜೊತೆಗಿದ್ದವನ ಧ್ವನಿ ಏರುತ್ತದೆ. ಎಲ್ಲಿಂದಲೋ ಮೂರನೆಯವನೊಬ್ಬ ಬಂದು 'ಕೆಲಸ ಮಾಡಿಸಿಕೊಂಡು ಹಣ ಕೊಡುವುದಿಲ್ಲವಾ?' ಎಂದು ಕೇಳುತ್ತಾನೆ. ದಾರಿಹೋಕರು ನಿಂತು ನೋಡತೊಡಗುತ್ತಾರೆ. ನಡುರಸ್ತೆಯಲ್ಲಿ ಗಂಡಸರೊಂದಿಗೆ ಜಗಳವಾಡುವುದೆಂದರೆ ನಮಗೆಲ್ಲ ಎಂತಹ ಸಂಕೋಚ! ಹಣವಿಲ್ಲ ಎಂದರೆ ಎಟಿಎಂ ಎಲ್ಲಿದೆಯೆಂದು ಅವನಿಗೆ ಗೊತ್ತಿರುತ್ತದೆ, ಇಲ್ಲವೇ ಜೇಬಿನಿಂದ ಕ್ಯೂಆರ್ ಕೋಡ್ ಹೊರಬರುತ್ತದೆ. ಚೌಕಾಸಿ ನಡೆದು ಕೊನೆಗೆ ನಾಲ್ಕು ಸಾವಿರಕ್ಕೆ ಇಳಿಯುತ್ತಾನೆ. ಎಂಟರಲ್ಲಿ ನಾಲ್ಕು ಉಳಿಸಿದೆನಲ್ಲ ಎಂಬ ಸಮಾಧಾನದಿಂದ ನೀವು ಮನೆಗೆ ಹೋಗುತ್ತೀರಿ. ಆ ಸಮಾಧಾನವನ್ನೂ ಅವನೇ ನಿಮಗೆ ಮಾರಿರುತ್ತಾನೆ.

ಹೊರಡುವ ಮುಂಚೆ ಒಂದು ಸೂಚನೆ ಕೊಡುವುದನ್ನು ಮಾತ್ರ ಅವನು ಮರೆಯುವುದಿಲ್ಲ. "ಎರಡು ದಿನ ತೊಳೀಬೇಡಿ ಆಪಾ, ಬಿಸಿಲಲ್ಲಿ ನಿಲ್ಲಿಸಿ. ಆಮೇಲೆ ಒರೆಸಿದರೆ ಹೊಸದರ ಹಾಗೆ ಇರುತ್ತೆ."

ಆ ಬಿಳಿ ಲೇಪದ ಕೆಳಗೆ

ಎರಡು ದಿನ ಕಳೆದು ನೀವು ಒದ್ದೆ ಬಟ್ಟೆಯಿಂದ ಒರೆಸುವಾಗ ಲೇಪ ಕರಗಿ ಹೋಗುತ್ತದೆ. ಅದು ಬಹುತೇಕ ಸಾಮಾನ್ಯ ಮೇಣದ ಪಾಲಿಶ್ ಅಥವಾ ಉಜ್ಜುವ ಕಾಂಪೌಂಡ್ ಅಷ್ಟೇ. ಕೆಳಗೆ ನೆಗ್ಗು ಇದ್ದಲ್ಲೇ ಇರುತ್ತದೆ. ಇದ್ದಲ್ಲೇ ಇದ್ದರೆ ಪುಣ್ಯ ಎನ್ನಬೇಕು. ಹಲವು ಸಲ ಸುತ್ತಿಗೆಯಿಂದ ಹೊಡೆದು ಒಂದು ನೆಗ್ಗಿನ ಜಾಗದಲ್ಲಿ ಹತ್ತು ಸಣ್ಣ ಗುಬುಟುಗಳು ಎದ್ದಿರುತ್ತವೆ. ಉಪ್ಪು ಕಾಗದದಿಂದ ಉಜ್ಜಿ ಸುತ್ತಲಿನ ಒಳ್ಳೆಯ ಬಣ್ಣವೂ ಮಾಸಿರುತ್ತದೆ. ಎರಡು ದಿನ ತೊಳೆಯಬೇಡಿ ಎಂದದ್ದು ಏಕೆಂದು ಈಗ ಗೊತ್ತಾಗುತ್ತದೆ. ಆ ಎರಡು ದಿನ ಬೇಕಾದದ್ದು ಕಾರಿಗಲ್ಲ, ಅವರಿಗೆ.

ಕಾರಿನ ಬಾಗಿಲಿನ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಪೆಟ್ಟು ಬಿದ್ದಾಗ ಅದು ಒಳಗೆ ಹೋಗುವುದಷ್ಟೇ ಅಲ್ಲ, ಹಿಗ್ಗಿಯೂ ಇರುತ್ತದೆ. ಹಿಗ್ಗಿದ ತಗಡನ್ನು ಮೊದಲಿನ ಆಕಾರಕ್ಕೆ ತರುವುದು ನುರಿತ ಕೈಯ ಕೆಲಸ. ಅದರ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಬಣ್ಣದ ಮೇಲೆ ಹೊಳಪಿನ ಪಾರದರ್ಶಕ ಪದರ ಇವೆಲ್ಲ ಇವೆ. ಎಲ್ಲ ಸೇರಿದರೂ ದಪ್ಪ ಒಂದು ತಲೆಕೂದಲಿನ ಆಸುಪಾಸು. ಆ ಪದರಗಳು ಹರಿದಿದ್ದರೆ ಟಿಂಕರ್ ತಗಡನ್ನು ಸಮ ಮಾಡಬೇಕು, ಪೇಂಟರ್ ತೆಳ್ಳಗೆ ಪುಟ್ಟಿ ಹಾಕಿ ಒಣಗಿಸಿ ಉಜ್ಜಬೇಕು, ಪ್ರೈಮರ್ ಹೊಡೆದು ಮತ್ತೆ ಉಜ್ಜಬೇಕು. ಬಳಿಕ ನಿಮ್ಮ ಕಾರಿನ ಬಣ್ಣದ ಸಂಖ್ಯೆ ನೋಡಿ ಬಣ್ಣ ಬೆರೆಸಬೇಕು. ಅದೇ ಬಿಳಿ ಎಂದು ನಿಮಗೆ ಕಾಣುವುದರಲ್ಲೇ ಎಷ್ಟೋ ಬಗೆಯ ಬಿಳಿಗಳಿವೆ. ಸೀರೆಗೆ ಬ್ಲೌಸ್ ಪೀಸ್ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧೂಳಿಲ್ಲದ ಕಡೆ ಬಣ್ಣ ಹೊಡೆದು ಒಣಗಲು ಬಿಡಬೇಕು. ಹೀಗೆ ಸರಿಯಾಗಿ ಮಾಡಿದರೆ ಒಂದು ಬಾಗಿಲಿಗೆ ಒಂದೆರಡು ದಿನ ಹಿಡಿಯುತ್ತದೆ. ತರಕಾರಿ ಕೊಂಡು ಬರುವುದರೊಳಗೆ, ರಸ್ತೆಯ ಧೂಳಿನಲ್ಲಿ, ಹೆಗಲಚೀಲದ ಸಾಮಾನಿನಿಂದ ಆಗುವ ಕೆಲಸವೇ ಇದು?

ಹಾಗಾದರೆ ಬಣ್ಣ ಹೊಡೆಯದೆ ನೆಗ್ಗು ತೆಗೆಯುವುದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. ಬಣ್ಣಕ್ಕೆ ಏಟಾಗದೆ ತಗಡು ಮಾತ್ರ ಮೆಲ್ಲಗೆ ಒಳಹೋಗಿದ್ದರೆ, ಬಾಗಿಲಿನ ಒಳಗಿನಿಂದ ಉದ್ದನೆಯ ಸಲಾಕೆ ತೂರಿಸಿ ಚೂರು ಚೂರೇ ತಳ್ಳಿ ಮೇಲೆ ತರುವ ವಿಧಾನವಿದೆ. ಒಳ್ಳೆಯ ಗ್ಯಾರೇಜುಗಳಲ್ಲಿ ಅದನ್ನು ಕಲಿತವರು ಇದ್ದಾರೆ. ಆ ಕೆಲಸಕ್ಕೆ ಬೆಳಕು ಬೇಕು, ತಾಳ್ಮೆ ಬೇಕು, ಲೇಪ ಮಾತ್ರ ಬೇಡ. ಬಂಪರ್‌ನ ಸಂಗತಿ ಇನ್ನೂ ಬೇರೆ. ಅದು ಪ್ಲಾಸ್ಟಿಕ್. ಒಡೆಯದೆ, ಮಡಿಕೆ ಬೀಳದೆ ಸುಮ್ಮನೆ ಒಳಗೆ ಹೋದ ಬಂಪರ್ ಮೇಲೆ ಬಿಸಿನೀರು ಸುರಿದು ಹಿಂದಿನಿಂದ ತಳ್ಳಿದರೆ ಕೆಲವೊಮ್ಮೆ ತಾನಾಗಿಯೇ ಮೊದಲಿನಂತಾಗುವುದುಂಟು. ಬೀದಿಯ ಯುವಕ ಬಂಪರನ್ನು 'ಟಪ್' ಎಂದು ಹೊರತಂದು ತೋರಿಸಿ ನಂಬಿಕೆ ಗಳಿಸುವುದು ಇದರಿಂದಲೇ. ಬಾಗಿಲಿನ ತಗಡಿನ ಮೇಲೆ ಆ ವಿದ್ಯೆ ನಡೆಯುವುದಿಲ್ಲ.

ಈ ಆಟ ನಮ್ಮ ಊರಿನಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಅಮೆರಿಕ ಮತ್ತು ಕೆನಡಾದ ಅಂಗಡಿ ಸಂಕೀರ್ಣಗಳ ಪಾರ್ಕಿಂಗ್ ಜಾಗಗಳಲ್ಲಿ ಇದು ಹಳೆಯ ಮೋಸ. ಅಲ್ಲಿನ ಪೊಲೀಸರೂ ಗ್ರಾಹಕ ಸಂಸ್ಥೆಗಳೂ ಮತ್ತೆ ಮತ್ತೆ ಎಚ್ಚರಿಸುತ್ತ ಬಂದಿದ್ದಾರೆ. ಅಲ್ಲಿ ಅವರು ತಗಡಿಗೆ ಡ್ರಿಲ್ಲಿನಿಂದ ತೂತುಗಳನ್ನೇ ಕೊರೆದು, ಕೊಕ್ಕೆ ಹಾಕಿ ನೆಗ್ಗನ್ನು ಹೊರಗೆ ಎಳೆದು, ತೂತುಗಳಿಗೆ ಪುಟ್ಟಿ ತುಂಬಿ, ಮೇಲೆ ಮೇಣ ಬಳಿದು ಹೋಗುತ್ತಾರೆ. ಒಂದೆರಡು ದಿನ ಒರೆಸಬೇಡಿ ಎಂಬ ಮಾತು ಅಲ್ಲಿಯೂ ಅದೇ! ಮಗಳನ್ನೋ ಸೊಸೆಯನ್ನೋ ಅಲ್ಲಿಗೆ ಕಳುಹಿಸಿದ ಮನೆಗಳಿದ್ದರೆ ಫೋನಿನಲ್ಲಿ ಒಂದು ಮಾತು ಹೇಳಿಡಿ.

ಅವರ ಕೈಯಲ್ಲಿರುವ ನಿಜವಾದ ಸುತ್ತಿಗೆ

ಈಗ ಆ ಮಾತಿಗೆ ಬರೋಣ. 'ಭಾಯಿ ಸಾಹೇಬರು ನೋಡೋದಕ್ಕೆ ಮೊದಲು.'

ಗಂಡಸರನ್ನೂ ಇವರು ಬಿಡುವುದಿಲ್ಲ, ನಿಜ. ಆದರೆ ಒಬ್ಬಂಟಿಯಾಗಿ ಕಾರು ಓಡಿಸಿಕೊಂಡು ಬಂದ ಹೆಣ್ಣನ್ನು ಕಂಡರೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ಗಂಡಸಿನೊಡನೆ ಅವರು ಶೋರೂಮಿನ ದರದ ಬಗ್ಗೆ ಮಾತನಾಡುತ್ತಾರೆ. ಹೆಂಗಸಿನೊಡನೆ ಮನೆಯವರ ಬಗ್ಗೆ ಮಾತನಾಡುತ್ತಾರೆ. ಏಕೆಂದರೆ ಕಾರಿನ ನೆಗ್ಗಿಗಿಂತ ಅದನ್ನು ನೋಡಿ ಮನೆಯಲ್ಲಿ ಏನು ಹೇಳುತ್ತಾರೋ ಎಂಬ ಭಯವೇ ನಮಗೆ ದೊಡ್ಡದು ಎಂಬುದು ಅವರಿಗೆ ತಿಳಿದಿದೆ. ಅವರು ಮಾರುವುದು ರಿಪೇರಿಯನ್ನಲ್ಲ, ಗುಟ್ಟನ್ನು. ಗುಟ್ಟಿಗೆ ಎಷ್ಟು ಬೆಲೆ ಕೇಳಿದರೂ ಕೊಡುವವರು ಇದ್ದಾರೆ.

ನಮ್ಮ ಮನೆಗಳನ್ನೇ ನೋಡಿ. ಕಾರು ಕಲಿಯಲು ಅನುಮತಿ ಸಿಗುವುದಕ್ಕೇ ಎಷ್ಟೋ ಸಹೋದರಿಯರು ವರ್ಷಗಟ್ಟಲೆ ಕಾದಿದ್ದಾರೆ. ಗಂಡ ಗಲ್ಫಿನಲ್ಲಿ, ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಮಕ್ಕಳಿಗೆ ಶಾಲೆ, ಸಂಜೆಗೆ ಮದ್ರಸ. ಆಟೋದವರ ಹಿಂದೆ ಎಷ್ಟು ದಿನ ಓಡುವುದು? ಹೀಗೆ ಅಗತ್ಯವೇ ಒಪ್ಪಿಗೆ ಕೊಡಿಸುತ್ತದೆ. ಆದರೆ ಆ ಒಪ್ಪಿಗೆ ಗಾಜಿನ ಬಟ್ಟಲಿನ ಹಾಗೆ. ಮೊದಲ ಗೀರು ಬಿದ್ದ ದಿನವೇ ಮೈದುನ 'ನಾನು ಆಗಲೇ ಹೇಳಿದ್ದೆ' ಎನ್ನುತ್ತಾನೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಗಂಡ 'ಇನ್ನು ಕೀ ಅಣ್ಣನ ಹತ್ತಿರ ಕೊಡು' ಎನ್ನುತ್ತಾನೆ. ಅದೇ ಗಂಡ ರಜೆಯಲ್ಲಿ ಬಂದಾಗ ಅದೇ ಗೇಟಿಗೆ ಅದೇ ಕಾರನ್ನು ತಾಗಿಸಿದರೆ ತಪ್ಪು ಗೇಟಿನದ್ದಾಗಿರುತ್ತದೆ!

ಹೀಗಿರುವಾಗ ನಿಮ್ಮ ಬಾಗಿಲಿನ ಅಂಗೈ ಅಗಲದ ನೆಗ್ಗು ಕೇವಲ ನೆಗ್ಗಲ್ಲ. ಅದು ಕಾರಿನ ಕೀ. ಮಗಳನ್ನು ಟ್ಯೂಷನ್‌ಗೆ ಕರೆದೊಯ್ಯುವ, ತಾಯಿಯನ್ನು ನೋಡಿ ಬರುವ, ಯಾರ ಹಂಗೂ ಇಲ್ಲದೆ ಡಾಕ್ಟರ ಬಳಿ ಹೋಗುವ ಅನುಕೂಲ. ಅದನ್ನು ಉಳಿಸಿಕೊಳ್ಳಲು ಇನ್ನೂರು ರೂಪಾಯಿ ಹೆಚ್ಚೇನಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಇದನ್ನು ದಡ್ಡತನ ಎನ್ನುವವರಿಗೆ ಈ ಸಂಕಟದ ಅರಿವಿಲ್ಲ.

ಆದರೆ ಮುಂದೇನಾಗುತ್ತದೆ ನೋಡಿ. ನಾಲ್ಕು ಸಾವಿರ ಹೋಗುತ್ತದೆ. ಮನೆಯ ಖರ್ಚಿನ ಹಣದಿಂದ, ಇಲ್ಲವೇ ಚೀಟಿಗೆ ಕಟ್ಟಬೇಕಾದ ಹಣದಿಂದ. ಎರಡು ದಿನಗಳಲ್ಲಿ ನೆಗ್ಗು ಮತ್ತೆ ಕಾಣಿಸುತ್ತದೆ, ಈ ಸಲ ಬಣ್ಣವೂ ಕೆಟ್ಟು. ಮೊದಲು ಮುಚ್ಚಿಡಬೇಕಾದದ್ದು ಒಂದೇ ಸಂಗತಿಯಿತ್ತು. ಈಗ ನೆಗ್ಗು, ಹಣ, ಮೋಸ ಹೋದದ್ದು ಎಂದು ಮೂರಾದವು. ಹಣ ಎಲ್ಲಿ ಹೋಯಿತೆಂಬ ಪ್ರಶ್ನೆ ಬಂದಾಗ ಇನ್ನೊಂದು ಸುಳ್ಳು ಬೇಕು. ಪೊಲೀಸರಿಗೆ ದೂರು ಕೊಡುವ ಮಾತಂತೂ ದೂರವೇ ಉಳಿಯಿತು. ಬೀದಿಯವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು.

ಆದ್ದರಿಂದ ನೆಗ್ಗಾದ ದಿನವೇ ಮನೆಯಲ್ಲಿ ಹೇಳಿಬಿಡಿ. ಫೋಟೋ ತೆಗೆದು ಗಂಡನಿಗೋ ಅಣ್ಣನಿಗೋ ಕಳುಹಿಸಿ. ಬೈಯಬಹುದು. ಬೈಗುಳ ಒಂದು ಸಂಜೆಯದ್ದು. ಹೇಳಿ ಆದ ಮೇಲೆ ಆ ನೆಗ್ಗಿನಿಂದ ಹಣ ಮಾಡಲು ಬೀದಿಯಲ್ಲಿ ಯಾರಿಂದಲೂ ಆಗುವುದಿಲ್ಲ.

ಈ ಪುಟವನ್ನು ಮನೆಯ ಗಂಡಸರ ಕೈಗೂ ಕೊಡಿ. ಅವರಿಗೂ ಎರಡು ಮಾತು. ಹೊಸದಾಗಿ ಕಲಿತವರ ಕಾರಿಗೆ ಗೀರು ಬೀಳುವುದು ಹೊಸದಾಗಿ ಅಡುಗೆ ಕಲಿತವರ ಕೈ ಸುಡುವ ಹಾಗೆ. ನಿಮ್ಮ ಹೆಂಡತಿ, ನಿಮ್ಮ ತಂಗಿ ತಗಡಿನ ಒಂದು ನೆಗ್ಗನ್ನು ನಿಮಗೆ ತೋರಿಸಲು ಹೆದರುತ್ತಾಳೆ ಎಂದಾದರೆ ನಾಳೆ ದೊಡ್ಡ ಅಪಘಾತವಾದಾಗ ಮೊದಲು ಯಾರಿಗೆ ಫೋನ್ ಮಾಡುತ್ತಾಳೆ?

ದುಡಿಯುವ ಕೈಗಳ ಮಾತು

ಇಲ್ಲಿ ಇನ್ನೊಂದು ಸಂಗತಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕರ್ನಾಟಕದ ಯಾವ ಊರಿನ ಗ್ಯಾರೇಜ್ ಸಾಲಿಗೆ ಹೋದರೂ ಟಿಂಕರಿಂಗ್, ಪೇಂಟಿಂಗ್, ಸೀಟ್ ಕವರ್ ಹೊಲಿಯುವ ಕೆಲಸದಲ್ಲಿ ನಮ್ಮವರು ಕಾಣಸಿಗುತ್ತಾರೆ. ಈ ಲೇಖನ ಓದುತ್ತಿರುವ ಎಷ್ಟೋ ಮನೆಗಳ ಒಲೆ ಉರಿಯುವುದು ಅದೇ ಸುತ್ತಿಗೆಯ ಸದ್ದಿನಿಂದ. ಅವರಲ್ಲಿ ಮರದ ನೆರಳಿನಲ್ಲಿ, ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವವರೂ ಇದ್ದಾರೆ. ರಸ್ತೆ ಬದಿಯಲ್ಲಿ ಕೆಲಸ ಮಾಡುವವರೆಲ್ಲ ಮೋಸಗಾರರಲ್ಲ. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಬೇಡದ ಕೆಲಸವನ್ನು ಬಿಲ್ಲಿಗೆ ಸೇರಿಸುವವರೂ ಇಲ್ಲದಿಲ್ಲ.

ವ್ಯತ್ಯಾಸ ಎಲ್ಲಿದೆ? ನಮ್ಮ ಅಜ್ಜಿಯಂದಿರ ಕಾಲದಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಬೀದಿಗೆ ಬರುತ್ತಿದ್ದರು. ಮರದಡಿಯಲ್ಲಿ ತಿದಿ ಹೂಡಿ ಕೂರುತ್ತಿದ್ದರು. ಅವರಿಗೆ ಅಂಗಡಿಯೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಆದರೂ ಹಿತ್ತಾಳೆಯ ಹಂಡೆಯನ್ನು ನಂಬಿ ಕೊಡುತ್ತಿದ್ದರು. ಏಕೆಂದರೆ ಅವರು ಮುಂದಿನ ವರ್ಷವೂ ಅದೇ ಬೀದಿಗೆ ಬರಬೇಕಿತ್ತು. ಕಲಾಯಿ ನಿಲ್ಲದಿದ್ದರೆ ಇಡೀ ಬೀದಿಯೇ ಕೇಳುತ್ತಿತ್ತು. ಬೈಕಿನಲ್ಲಿ ಬಂದ ಈ ಯುವಕನನ್ನು ನಾಳೆ ನೀವು ಎಲ್ಲಿ ಹುಡುಕುತ್ತೀರಿ? ನೀವಾಗಿ ಹುಡುಕಿಕೊಂಡು ಹೋದ ಕೆಲಸಗಾರನಿಗೂ ನಿಮ್ಮನ್ನು ಹುಡುಕಿಕೊಂಡು ಬಂದ ಕೆಲಸಗಾರನಿಗೂ ಇರುವ ಅಂತರ ಇದೇ.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಪ್ರಸಂಗ ನಿಮಗೆಲ್ಲ ಗೊತ್ತೇ ಇದೆ. ಮೇಲೆ ಒಣಗಿದ್ದು, ಕೆಳಗೆ ಒದ್ದೆಯಾದದ್ದು. ಮೇಣದ ಕೆಳಗಿನ ನೆಗ್ಗು ಅದಕ್ಕಿಂತ ಬೇರೆಯೇನಲ್ಲ. ಸಲಾಂ ಹೇಳಿ ಬಂದವನು ಅದನ್ನು ಮಾಡುವಾಗ ಮನಸ್ಸಿಗೆ ಇನ್ನಷ್ಟು ನೋವಾಗುತ್ತದೆ. ಸಲಾಮಿಗೆ ಸಲಾಂ ಹೇಳಿ. ಕಾರಿನ ಕೆಲಸಕ್ಕೆ ಮಾತ್ರ ಅದು ಸಾಲುವುದಿಲ್ಲ.

ಒಳ್ಳೆಯ ಮೇಸ್ತ್ರಿಯ ಗುರುತು ಅವನ ಮಾತಿನಲ್ಲೇ ಸಿಗುತ್ತದೆ. ಅವನು ನೆಗ್ಗಿನ ಮೇಲೆ ಕೈಯಾಡಿಸಿ, ಬಾಗಿಲಿನ ಒಳಭಾಗ ನೋಡಿ, 'ಈ ಗೆರೆ ಪೂರ್ತಿ ಹೋಗಲಿಕ್ಕಿಲ್ಲ' ಎಂದು ಮೊದಲೇ ಹೇಳುತ್ತಾನೆ. ಇಡೀ ಕೆಲಸಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡಲು ಹಿಂಜರಿಯುವುದಿಲ್ಲ. ಕೆಲಸ ಹೆಚ್ಚಾದರೆ ಮಾಡುವ ಮೊದಲು ಫೋನ್ ಮಾಡುತ್ತಾನೆ. ಎರಡು ಕಡೆ ವಿಚಾರಿಸಿ ಬರುತ್ತೇನೆಂದರೆ ಮುನಿಸಿಕೊಳ್ಳುವುದಿಲ್ಲ. ನೆರೆಮನೆಯವರ ಕಾರಿಗೆ ಅವನು ಹೊಡೆದ ಬಣ್ಣವನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ ಬನ್ನಿ, ಬೇರೆ ಸಾಕ್ಷಿ ಬೇಡ.

ನೆಗ್ಗು ಕಾಯುತ್ತದೆ

ಅವನು ಹೇಳಿದ ತುಕ್ಕಿನ ಮಾತು ಅರ್ಧ ಸತ್ಯ. ಬಣ್ಣ ಹರಿದು ಒಳಗಿನ ತಗಡು ಕಾಣುತ್ತಿದ್ದರೆ ತುಕ್ಕು ಹಿಡಿಯುತ್ತದೆ, ತಡ ಮಾಡಬಾರದು. ಬಣ್ಣ ಹರಿಯದ ನೆಗ್ಗು ತಿಂಗಳುಗಟ್ಟಲೆ ಹಾಗೆಯೇ ಇದ್ದರೂ ಕಾರಿಗೆ ಏನೂ ಆಗುವುದಿಲ್ಲ. ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಮತ್ತು ಬಣ್ಣ ಎದ್ದಿಲ್ಲದಿದ್ದರೆ ಅವಸರವಿಲ್ಲ.

ವಿಮೆಯ ಬಗ್ಗೆಯೂ ಒಂದಿಷ್ಟು ತಿಳಿದಿರಲಿ. ಕಾನೂನಿನ ಪ್ರಕಾರ ಕಡ್ಡಾಯವಾದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದರಲ್ಲಿ ನಿಮ್ಮ ಸ್ವಂತ ಕಾರಿನ ನೆಗ್ಗಿಗೆ ಹಣ ಬರುವುದಿಲ್ಲ. ಸ್ವಂತ ಹಾನಿಯ ವಿಮೆಯೂ ಸೇರಿದ್ದರೆ ಬರುತ್ತದೆ, ಆದರೆ ಪೂರ್ತಿಯಲ್ಲ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿನ ಕಾರಿಗೆ 2000 ರೂಪಾಯಿ ನಿಮ್ಮದೇ. ಬಂಪರ್‌ನಂತಹ ಪ್ಲಾಸ್ಟಿಕ್ ಭಾಗ ಬದಲಿಸಿದರೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಕಳೆಯುತ್ತಾರೆ. ಇದಲ್ಲದೆ ಕ್ಲೇಮ್ ಮಾಡದ ವರ್ಷಗಳಿಗೆ ಬೋನಸ್ ಇದೆ. ಮೊದಲ ವರ್ಷಕ್ಕೆ 20 ಶೇಕಡಾ, ಏರುತ್ತ ಹೋಗಿ ಸತತ ಐದು ವರ್ಷಕ್ಕೆ 50 ಶೇಕಡಾ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ರಿಯಾಯಿತಿ.

ನೀವು ಮೂರು ವರ್ಷ ಕ್ಲೇಮ್ ಮಾಡಿಲ್ಲ, ಈ ವರ್ಷವೂ ಮಾಡದಿದ್ದರೆ 45 ಶೇಕಡಾ ರಿಯಾಯಿತಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಸ್ವಂತ ಹಾನಿಯ ಪ್ರೀಮಿಯಂ 6000 ರೂಪಾಯಿ ಇದ್ದರೆ ಉಳಿಯುವುದು 2700. ಗ್ಯಾರೇಜಿನವನು ಹೇಳಿದ ಖರ್ಚು 3500 ಆದರೆ ವಿಮೆಯಿಂದ ಬರುವುದು ಹೆಚ್ಚೆಂದರೆ 2500. ಕ್ಲೇಮ್ ಮಾಡಿದರೆ ನಷ್ಟವೇ. ಅದೇ ಎರಡು ಬಾಗಿಲು ನುಜ್ಜುಗುಜ್ಜಾಗಿ ಮೂವತ್ತು ಸಾವಿರದ ಕೆಲಸವಿದ್ದರೆ ಕ್ಲೇಮ್ ಮಾಡಲೇಬೇಕು. ಆಗ ರಸ್ತೆಯಲ್ಲಿ ಯಾರಿಂದಲೂ ಒಂದು ಸುತ್ತಿಗೆಯ ಪೆಟ್ಟೂ ಹಾಕಿಸಬೇಡಿ. ವಿಮೆಯ ಸರ್ವೇಯರ್ ನೋಡುವುದಕ್ಕೆ ಮೊದಲೇ ಕೈ ಹಾಕಿಸಿದ ಜಾಗದ ಬಗ್ಗೆ ತಕರಾರು ಬರುತ್ತದೆ.

ಯುಎಇಯಲ್ಲಿ ಇರುವ ಸಹೋದರಿಯರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಅಪಘಾತದ ಹಾನಿಯನ್ನು ಪೊಲೀಸ್ ವರದಿ ಇಲ್ಲದೆ ಗ್ಯಾರೇಜುಗಳು ರಿಪೇರಿ ಮಾಡುವಂತಿಲ್ಲ. ಪಾರ್ಕಿಂಗ್‌ನಲ್ಲಿ ಯಾರೋ ತಾಗಿಸಿ ಹೋಗಿದ್ದರೂ ಮೊದಲು ವರದಿ, ಆಮೇಲೆ ರಿಪೇರಿ.

ಎದುರಿಗೆ ಬಂದು ನಿಂತಾಗ

'ಎಷ್ಟು?' ಎಂದು ಕೇಳಲೇಬೇಡಿ. ದರ ಕೇಳಿದಿರಿ ಎಂದರೆ ಅರ್ಧ ಒಪ್ಪಿದ ಹಾಗೆ. 'ಬೇಡ, ಮನೆಯಲ್ಲೇ ಮೇಸ್ತ್ರಿ ಇದ್ದಾರೆ' ಎಂದು ಹೇಳಿ ನಡೆಯುತ್ತಿರಿ. 'ಸುಮ್ಮನೆ ತೋರಿಸುತ್ತೇನೆ, ಹಣ ಬೇಡ' ಎಂದು ಕೈ ಹಾಕಲು ಬಂದರೂ ಬಿಡಬೇಡಿ; ಕೈ ಹಾಕಿದ ಮೇಲೆ ಲೆಕ್ಕ ಶುರುವಾಗುತ್ತದೆ. ಓಡುತ್ತಿರುವ ಕಾರಿನ ಪಕ್ಕ ಬೈಕ್ ತಂದು ಚಕ್ರದ ಕಡೆಗೋ ಬಾಗಿಲಿನ ಕಡೆಗೋ ಕೈ ತೋರಿಸಿದರೆ ಅಲ್ಲೇ ನಿಲ್ಲಿಸಬೇಡಿ. ಜನವಿರುವ ಪೆಟ್ರೋಲ್ ಬಂಕಿನವರೆಗೆ ನಿಧಾನವಾಗಿ ಹೋಗಿ ಇಳಿದು ನೋಡಿ.

ಕೆಲಸ ಆಗಿಬಿಟ್ಟಿದೆ, ಎಂಟು ಸಾವಿರ ಕೇಳುತ್ತಿದ್ದಾರೆ ಎಂದಾದರೆ? ಒಪ್ಪಿದ ಇನ್ನೂರನ್ನು ಮಾತ್ರ ಕೊಡಲು ಮುಂದಾಗಿ. ಅವರ ಜೊತೆ ಎಟಿಎಂಗೆ ಹೋಗಬೇಡಿ, ಅವರನ್ನು ಕಾರಿನಲ್ಲಿ ಕೂರಿಸಿಕೊಳ್ಳಬೇಡಿ. ಹತ್ತಿರದ ಔಷಧಿ ಅಂಗಡಿಗೋ ದಿನಸಿ ಅಂಗಡಿಗೋ ಹೋಗಿ ನಿಂತು 112ಕ್ಕೆ ಫೋನ್ ಮಾಡಿ. ಅವರಿಗೆ ಕೇಳುವಂತೆಯೇ ಮಾಡಿ. ಬೈಕಿನ ನಂಬರಿನ ಫೋಟೋ ತೆಗೆಯಿರಿ. ಇಷ್ಟಕ್ಕೇ ಹೆಚ್ಚಿನವರು ಜಾಗ ಖಾಲಿ ಮಾಡುತ್ತಾರೆ. ಜನವಿಲ್ಲದ ಜಾಗ, ಮಡಿಲಲ್ಲಿ ಮಗು, ಸುತ್ತ ಮೂರು ಜನ ಎಂಬ ಸ್ಥಿತಿಯಿದ್ದರೆ ವಾದಿಸಬೇಡಿ. ಕೊಟ್ಟುಬಿಡಿ. ಸಾಧ್ಯವಾದರೆ ನಗದಿನ ಬದಲು ಯುಪಿಐ ಮೂಲಕ ಕೊಡಿ; ಯಾರ ಖಾತೆಗೆ ಹೋಯಿತೆಂಬ ಗುರುತು ಉಳಿಯುತ್ತದೆ.

ಆಮೇಲೆ ದೂರು ಕೊಡಬಹುದು. 'ನಾನೇ ಒಪ್ಪಿ ಕೆಲಸ ಕೊಟ್ಟೆನಲ್ಲ' ಎಂದು ಹಿಂಜರಿಯಬೇಡಿ. ನೀವು ಒಪ್ಪಿದ್ದು ಇನ್ನೂರಕ್ಕೆ. ಸುಳ್ಳು ಹೇಳಿ ಹಣ ಕೀಳುವುದು ವಂಚನೆ, ಬೆದರಿಸಿ ಕೀಳುವುದು ಸುಲಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಸೆಕ್ಷನ್, ಸುಲಿಗೆಗೆ 308ನೇ ಸೆಕ್ಷನ್ ಇದೆ. ಮೊದಲು ಎಲ್ಲರ ಬಾಯಲ್ಲಿದ್ದ 420ರ ಜಾಗದಲ್ಲಿ ಈಗ ಇರುವುದು 318. ಘಟನೆ ನಡೆದ ಠಾಣೆಗೇ ಹೋಗಬೇಕೆಂದಿಲ್ಲ, ಮನೆಯ ಹತ್ತಿರದ ಠಾಣೆಯಲ್ಲೂ ಕೊಡಬಹುದು. ಬೋರ್ಡ್ ಹಾಕಿಕೊಂಡ ಗ್ಯಾರೇಜಿನಿಂದಲೇ ಅನ್ಯಾಯವಾಗಿದ್ದರೆ ದಾರಿ ಬೇರೆ. ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ. ಬಿಲ್ ಇಲ್ಲದಿದ್ದರೆ ಮಾತ್ರ ಕಷ್ಟ.

ಕಾರಿನ ಮೇಲೆ ಲೇಪ ಈಗಾಗಲೇ ಕೂತಿದ್ದರೆ ಎರಡು ದಿನ ಕಾಯುವ ಅಗತ್ಯವಿಲ್ಲ. ಹಾಗೇ ಒಂದು ಫೋಟೋ ತೆಗೆದಿಟ್ಟುಕೊಂಡು, ಕಾರು ತೊಳೆಯುವ ಶಾಂಪೂ ಮತ್ತು ಮೆತ್ತನೆಯ ಬಟ್ಟೆಯಿಂದ ಅದೇ ದಿನ ತೊಳೆದುಬಿಡಿ, ಮತ್ತೊಂದು ಫೋಟೋ ತೆಗೆಯಿರಿ. ತಗಡು ಬೆಳ್ಳಗೆ ಹೊಳೆಯುತ್ತಿದ್ದರೆ ಅಥವಾ ತೂತು ಕಂಡರೆ ಗ್ಯಾರೇಜಿಗೆ ಹೋಗಿ ಸದ್ಯಕ್ಕೆ ಪ್ರೈಮರ್ ಒಂದನ್ನಾದರೂ ಹೊಡೆಸಿ ಬನ್ನಿ, ಬಣ್ಣ ಆಮೇಲೆ ಆದೀತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಇದನ್ನು ಮಳೆ ಶುರುವಾಗುವ ಮುಂಚೆಯೇ ಮುಗಿಸಿ; ಉಪ್ಪುಗಾಳಿಗೆ ಬರಿಯ ತಗಡು ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ.